ದಾಕ್ಷಾಯಣಮ್ಮನ ಬಾವು

ದಾಕ್ಷಾಯಣಮ್ಮ ನಿಂತುಕೊಂಡೇ ಉಣ್ಣಲು ಶುರು ಮಾಡಿದಾಗ, ಅದು ತನ್ನನ್ನು ಹಂಗಿಸುವ ಹೊಸ ವರಸೆ ಎಂದೇ ಗಂಗೋತ್ರಿ ತಿಳಿದಳು. ಅತ್ತೆಯ ಹತ್ತಿರ ಅಂಥ ವರಸೆಗಳಿಗೆ ಬರವಿರಲಿಲ್ಲ. ಸೊಸೆ ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವುದು, ಸೊಸೆ ಒರೆಸಿದ ನೆಲದ ಮೇಲೆ ಇನ್ನೊಮ್ಮೆ ಅರಿವೆ ಆಡಿಸುವುದು, ಅವಳು ಒಳಗೆ ಕಾಲಿಟ್ಟೊಡನೆ ಮಾತು ನಿಲ್ಲಿಸಿ ಗೋಡೆ ನೋಡುವುದು. ಈಗ ಒಂದೇ ಸಾಲಿನಲ್ಲಿ ಕೂತು ಉಣ್ಣುವುದೂ ಬೇಡವಾಗಿರಬೇಕು. ಬೇಡವಾದರೆ ಬಿಡಲಿ ಎಂದು ಗಂಗೋತ್ರಿ ತನ್ನ ತಾಟು ಹಿಡಿದು ಹಿತ್ತಲಿಗೆ ಹೋದಳು.

ಕುರುಗೋಡಿನ ಆ ಮನೆಗೆ ಅವಳು ಸಿರುಗುಪ್ಪದಿಂದ ಸೊಸೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಮಾವ ಮರಿಬಸಪ್ಪ ಮತ್ತು ಗಂಡ ಶಶಿಕಾಂತ್ ಬೆಳಗಾದರೆ ಗೊಬ್ಬರದ ಅಂಗಡಿಗೆ ಹೋಗುತ್ತಿದ್ದರು. ಅವಳು ಊರಿನ ಖಾಸಗಿ ಸಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದಳು. ಮೊದಲ ವರ್ಷ ಅತ್ತೆ-ಸೊಸೆ ನಡುವೆ ಹೇಳಿಕೊಳ್ಳುವಂಥ ಜಗಳವೇನೂ ಇರಲಿಲ್ಲ. ಎರಡನೆಯ ವರ್ಷ, ತಿಂಗಳು ತಿಂಗಳು ಆಗಬೇಕಾದದ್ದು ಮೂರು ತಿಂಗಳಿಗೊಮ್ಮೆ ಆಗುತ್ತಿದೆ ಎಂದು ಬಳ್ಳಾರಿಯ ಡಾಕ್ಟರರಿಗೆ ತೋರಿಸಿದಾಗ, ಪಿಸಿಓಡಿ ಎಂದರು. ಅಂಡಾಶಯದಲ್ಲಿ ಸಣ್ಣ ಸಣ್ಣ ನೀರ್ಗುಳ್ಳೆಗಳಂತೆ ಮೊಟ್ಟೆಗಳು ನಿಂತುಬಿಡುತ್ತವೆ, ಪಕ್ವವಾಗಿ ಹೊರಗೆ ಬರುವುದಿಲ್ಲ, ಔಷಧ ತಗೊಂಡು ಮೈಭಾರ ಇಳಿಸಿದರೆ ದಾರಿಗೆ ಬರುತ್ತದೆ, ಮಕ್ಕಳೂ ಆಗುತ್ತವೆ ಎಂದು ಧೈರ್ಯ ಹೇಳಿದ್ದರು. ಆದರೆ ಮನೆಗೆ ಬಂದ ಶಶಿಕಾಂತ್ ಅದನ್ನೆಲ್ಲ ತಾಯಿಯ ಮುಂದೆ ಹೇಳಿಬಿಟ್ಟ. ದಾಕ್ಷಾಯಣಮ್ಮನ ಕಿವಿಗೆ ಬಿದ್ದದ್ದು ಒಂದೇ ಮಾತು: ರೋಗ. ರೋಗ ಮುಚ್ಚಿಟ್ಟು ಹುಡುಗಿಯನ್ನು ತಮ್ಮ ಮನೆಗೆ ದಾಟಿಸಿದ್ದಾರೆ ಎಂದು ಅಂದಿನಿಂದ ಆಕೆ ಗಟ್ಟಿಯಾಗಿ ನಂಬಿದಳು. ಗಂಗೋತ್ರಿಯ ಗದ್ದದ ಮೇಲೆ ಆಗಾಗ ಮೂಡುವ ಕೂದಲನ್ನು ನೋಡಿ, "ಇನ್ನ ಮೀಸಿ ಒಂದು ಬರಬೇಕ್ ನೋಡು" ಎಂದು ಕೆಲಸದವಳ ಎದುರಿಗೇ ಅನ್ನುತ್ತಿದ್ದಳು.

ಅದನ್ನೂ ಗಂಗೋತ್ರಿ ನುಂಗಿಕೊಂಡಿದ್ದಳು. ನುಂಗಲಾಗದೆ ಗಂಟಲಲ್ಲೇ ಉಳಿದದ್ದು ಸಿರುಗುಪ್ಪದ ಕುಬಸ. ಅತ್ತೆಯ ಕಡೆಯ ಬೀಗರ ಬಸುರಿ ಮಗಳಿಗೆ ಏಳು ತಿಂಗಳು ತುಂಬಿ ಸೀಮಂತ ಇಟ್ಟುಕೊಂಡಿದ್ದರು. ಆ ಮನೆ ಗಂಗೋತ್ರಿಯ ತವರಿನ ಓಣಿಯಲ್ಲೇ. ಅವಳ ತಾಯಿ, ಚಿಕ್ಕಮ್ಮ, ಜೊತೆಯಲ್ಲಿ ಆಡಿ ಬೆಳೆದವರು ಎಲ್ಲ ಅಲ್ಲಿದ್ದರು. ಐದು ಜನ ಮುತ್ತೈದೆಯರು ಆರತಿಗೆ ಎದ್ದಾಗ ಯಾರೋ ಗಂಗೋತ್ರಿಯ ಕೈಗೂ ತಟ್ಟೆ ಕೊಟ್ಟರು. ದಾಕ್ಷಾಯಣಮ್ಮ ಎದ್ದು ಬಂದು ತಟ್ಟೆ ಕಸಿದುಕೊಂಡಳು. "ಮುಟ್ಟು ನೆಟ್ಟಗ ಬರದಾಕಿ ಇಕಿ. ಇಕಿ ಕೈಲೆ ಆರತಿ ಯಾಕ ಮಾಡಸ್ತೀರಿ? ತುಂಬಿದ ಹೊಟ್ಟಿ ಅದು" ಎಂದಳು. ಗಂಗೋತ್ರಿಯ ತಾಯಿ ಸೆರಗು ಬಾಯಿಗೆ ಒತ್ತಿಕೊಂಡು ಎದ್ದು ಹೋದಳು. ಶಶಿಕಾಂತ್ ಹೊರಗೆ ಪೆಂಡಾಲಿನ ಕೆಳಗೆ ಗಂಡಸರ ಜೊತೆ ಕೂತಿದ್ದ. ಒಳಗಿನ ಮಾತು ಅವನಿಗೂ ಕೇಳಿಸಿತ್ತು.

ಅಂದಿನಿಂದ ಅತ್ತೆ-ಸೊಸೆ ನೇರವಾಗಿ ಮಾತಾಡುವುದು ನಿಂತಿತು. "ಉಪ್ಪು ಕಡಿಮಿ ಆಗೇತಂತ ಹೇಳ್ರಿ" ಎಂದು ಅತ್ತೆ ಗಂಡನಿಗೆ ಹೇಳುತ್ತಿದ್ದಳು, ಪಕ್ಕದಲ್ಲೇ ನಿಂತಿದ್ದ ಸೊಸೆಗೆ ಕೇಳಿಸಲಿ ಎಂದು.

ಬೇಸಿಗೆ ರಜೆ ಬಂದು ಗಂಗೋತ್ರಿ ದಿನವಿಡೀ ಮನೆಯಲ್ಲೇ ಇರುವಂತಾದಾಗ, ಅತ್ತೆ ಉಣ್ಣುವಾಗಷ್ಟೇ ಅಲ್ಲ, ಯಾವಾಗಲೂ ಕೂರುತ್ತಿಲ್ಲ ಎನ್ನುವುದು ಅವಳ ಗಮನಕ್ಕೆ ಬಂತು. ಪೂಜೆಗೂ ನಿಂತೇ. ಟೀವಿ ಮುಂದೆ ಒಂದು ಮಗ್ಗುಲಿಗೆ ಒರಗಿಕೊಂಡು. ನಡೆದರೆ ಕಾಲು ಅಗಲಿಸಿ, ಗೋಡೆ ಹಿಡಿದು. ಬಚ್ಚಲಿನಿಂದ ಬೇವಿನೆಲೆ ಕುದಿಸಿದ ವಾಸನೆ ಬರುತ್ತಿತ್ತು, ಹಿಂದೆಯೇ ಹಲ್ಲು ಕಚ್ಚಿ ಹಿಡಿದ ನರಳಿಕೆ. ಗಂಗೋತ್ರಿಗೆ ಒಳಗೊಳಗೆ ಹಿತವಾಯಿತು, ಅದನ್ನು ಅವಳು ತನ್ನಿಂದ ತಾನೇ ಮುಚ್ಚಿಡಲೂ ಹೋಗಲಿಲ್ಲ. ಮೂಲವ್ಯಾಧಿ ಇರಬೇಕು, ನರಳಲಿ ಅಂದುಕೊಂಡಳು.

ಒಂದು ಮಧ್ಯಾಹ್ನ ಗಂಡಸರಿಬ್ಬರೂ ಅಂಗಡಿಯಲ್ಲಿದ್ದಾಗ ಬಚ್ಚಲಲ್ಲಿ ಕೊಡ ಉರುಳಿದ ಸದ್ದಾಯಿತು. ಕರೆದರೆ ಉತ್ತರವಿಲ್ಲ. ಗಂಗೋತ್ರಿ ಬಾಗಿಲು ನೂಕಿ ನೋಡಿದರೆ ದಾಕ್ಷಾಯಣಮ್ಮ ಗೋಡೆಗೆ ಆತು ನೆಲಕ್ಕೆ ಜಾರಿದ್ದಳು. ಕೈ ಹಿಡಿದರೆ ಮೈ ಕಾದ ಹಂಚಾಗಿತ್ತು.

"ಏನಾಗೇತ್ರಿ?" ತಿಂಗಳುಗಳ ಮೇಲೆ ಮೊದಲ ಸಲ ಗಂಗೋತ್ರಿ ನೇರವಾಗಿ ಕೇಳಿದಳು.

"ನಿನಗ್ಯಾಕ ಬೇಕದು? ಹೊರಗ ನಡಿ."

"ಹೊರಗ ಹೋದ್ರ ನೀವು ಇಲ್ಲೇ ಬಿದ್ದಿರ್ತೀರಿ. ಮಗನ್ನ ಕರೀಲೇನು?"

ಮಗನ ಹೆಸರೆತ್ತಿದ್ದೇ ದಾಕ್ಷಾಯಣಮ್ಮನ ಮುಖ ಬಿಳುಚಿಕೊಂಡಿತು. "ಅವನ್ನ ಕರಿಬ್ಯಾಡ. ನಿಮ್ಮ ಮಾವಗೂ ಹೇಳಬ್ಯಾಡ" ಎಂದಳು. ಆಮೇಲೆ ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡು ಸೀರೆ ಸರಿಸಿದಳು. ಗುಪ್ತಾಂಗದ ಎಡಬದಿಗೆ, ಬಾಗಿಲಂಚಿನಲ್ಲೇ, ನಿಂಬೆಹಣ್ಣಿನಷ್ಟು ದಪ್ಪ ಗಡ್ಡೆ. ಕೆಂಪಗೆ ಬಿಗಿದು ಹೊಳೆಯುತ್ತಿತ್ತು.

"ಯಾವಾಗಿಂದ?"

"ಹದಿನೈದು ದಿನ ಆತು. ಮೊದಲ ಅಲಸಂದಿ ಕಾಳಿನಷ್ಟಿತ್ತು." ಸೀರೆ ಸರಿಮಾಡಿಕೊಂಡು, "ಯಾರಿಗೂ ಹೇಳಂಗಿಲ್ಲಂತ ಕೊರಳಾಗಿನ ಲಿಂಗ ಮುಟ್ಟಿ ಆಣಿ ಮಾಡು" ಎಂದಳು.

"ಆಣಿ ಗೀಣಿ ನಾ ಮಾಡಂಗಿಲ್ರಿ. ಏಳ್ರಿ, ಬಳ್ಳಾರಿಗೆ ಹೋಗೂಣು."

ಮಗನ ಕಾರಿನಲ್ಲಿ ಹೋಗಲು ದಾಕ್ಷಾಯಣಮ್ಮ ಸುತರಾಂ ಒಪ್ಪಲಿಲ್ಲ. ಹೆಂಗಸರ ತೊಂದರೆ, ಡಾಕ್ಟರ್ ಹತ್ತಿರ ಹೋಗಿ ಬರುತ್ತೇವೆ ಎಂದಷ್ಟೇ ಗಂಗೋತ್ರಿ ಅಂಗಡಿಗೆ ಫೋನ್ ಮಾಡಿ ಹೇಳಿದಳು. ಬಸ್ಸು ತುಂಬಿತ್ತು. ವಯಸ್ಸಾದವರು ಎಂದು ಒಬ್ಬ ಕಾಲೇಜು ಹುಡುಗಿ ಎದ್ದು ಜಾಗ ಬಿಟ್ಟಳು. ದಾಕ್ಷಾಯಣಮ್ಮ ಬೇಡ ಎಂದು ತಲೆ ಅಲ್ಲಾಡಿಸಿದಳು. ಆ ಸೀಟಿನಲ್ಲಿ ಗಂಗೋತ್ರಿ ಕೂತಳು. ಕೋಳೂರಿನವರೆಗೂ ರಸ್ತೆಯ ಪ್ರತಿ ತಗ್ಗಿಗೂ ಅತ್ತೆಯ ಕೈ ತನ್ನ ತಲೆಯ ಮೇಲಿನ ಕಂಬಿಯನ್ನು ಬಿಗಿಹಿಡಿಯುವುದು ಅವಳಿಗೆ ಕಾಣುತ್ತಿತ್ತು. ಹುಡುಗಿ ಒಂದು ಸಲ ಗಂಗೋತ್ರಿಯನ್ನು ದುರುಗುಟ್ಟಿ ನೋಡಿದಳು. ಗಂಗೋತ್ರಿ ಕಿಟಕಿಯ ಆಚೆ ಮೆಣಸಿನಕಾಯಿ ಒಣಹಾಕಿದ್ದ ಕಣಗಳನ್ನು ನೋಡುತ್ತ ಕೂತಳು.

ಗಾಂಧಿನಗರದ ನರ್ಸಿಂಗ್ ಹೋಮಿನ ಡಾಕ್ಟರ್ ಶಶಿರೇಖಾ, ಗಂಗೋತ್ರಿಗೆ ಔಷಧ ಕೊಡುತ್ತಿದ್ದವರೇ. ಪರದೆಯ ಹಿಂದೆ ಪರೀಕ್ಷೆ ಮಾಡಿ, ಕೈ ತೊಳೆದುಕೊಂಡು ಬಂದು ಇಬ್ಬರನ್ನೂ ಎದುರಿಗೆ ಕರೆದರು. ದಾಕ್ಷಾಯಣಮ್ಮ ಮೇಜಿನ ಅಂಚು ಹಿಡಿದು ನಿಂತೇ ಇದ್ದಳು.

"ಕೀವು ತುಂಬಿದ ಬಾವು ಅಮ್ಮಾ. ಇಷ್ಟು ದಿನ ಹೆಂಗ ತಡಕೊಂಡ್ರಿ?"

ದಾಕ್ಷಾಯಣಮ್ಮ ತಗ್ಗಿದ ದನಿಯಲ್ಲಿ ಕೇಳಿದಳು: "ಕೆಟ್ಟ ರೋಗ ಏನ್ರಿ? ನಾ ಅಂಥಾಕಿ ಅಲ್ರಿ. ನಮ್ಮ ಮನಿಯವರೂ ಅಂಥವರಲ್ಲ."

"ಹಂಗೆಲ್ಲ ಯಾಕ ತಿಳ್ಕೊಂತೀರಿ? ಎಲ್ಲಾ ಹೆಂಗಸರಿಗೂ ಆ ಜಾಗದಾಗ, ಬಾಗಿಲಿಗೆ ಎಡಕ್ಕೊಂದು ಬಲಕ್ಕೊಂದು ಗ್ರಂಥಿ ಇರ್ತಾವು. ಬಟಾಣಿ ಕಾಳಿನಷ್ಟು ಸಣ್ಣವು. ಬಾರ್ಥೊಲಿನ್ ಗ್ರಂಥಿ ಅಂತೀವಿ. ಆ ಜಾಗ ಒಣಗಬಾರದಂತ ತೇವ ಬಿಡೋದು ಅವುಗಳ ಕೆಲಸ. ಅವಕ್ಕೆ ಕೂದಲಿನಂಥ ಒಂದು ಸಣ್ಣ ಕೊಳವಿ ಇರ್ತೈತಿ. ಅದರ ಬಾಯಿ ಕಟ್ಟಿದ್ರ ನೀರು ಒಳಗ ನಿಂತು ಗಡ್ಡಿ ಆಗ್ತೈತಿ. ಅದರಾಗ ನಂಜು ಸೇರಿದ್ರ ಹಿಂಗ ಬಾವು. ಕೊಯ್ದು ಕೀವು ತೆಗೀತೀವಿ, ಮತ್ತ ಮುಚ್ಚಬಾರದಂತ ಅಂಚು ಮಡಚಿ ಹೊಲಿಗಿ ಹಾಕಿ ಬಾಯಿ ತೆರೆದಿಡ್ತೀವಿ." ಶಶಿರೇಖಾ ಚೀಟಿ ಬರೆಯುತ್ತ ಮುಂದುವರಿದರು. "ಇನ್ನೊಂದು ಮಾತು. ವಯಸ್ಸಿನ ಹುಡುಗ್ಯಾರಿಗೆ ಇದು ಆದ್ರ ಇಷ್ಟಕ್ಕ ಬಿಡ್ತೀವಿ. ನಿಮಗ ಮುಟ್ಟು ನಿಂತು ವರ್ಷಗಳಾಗ್ಯಾವು. ಈ ವಯಸ್ಸಿನಾಗ ಹೊಸದಾಗಿ ಗಡ್ಡಿ ಎದ್ದರ ಒಂದು ಚೂರು ತೆಗೆದು ಬಯಾಪ್ಸಿಗೆ ಕಳಿಸಬೇಕು. ಬಹಳ ಮಾಡಿ ಏನೂ ಇರಂಗಿಲ್ಲ. ಆದರೂ ನೋಡದ ಬಿಡಂಗಿಲ್ಲ."

ಬಯಾಪ್ಸಿ ಎಂದರೆ ಕ್ಯಾನ್ಸರ್ ಪರೀಕ್ಷೆ ಎಂದು ದಾಕ್ಷಾಯಣಮ್ಮನಿಗೆ ಗೊತ್ತಿತ್ತು. ಆಮೇಲೆ ಅವಳು ಸೊಸೆಯ ಕಡೆ ಬೆರಳು ಮಾಡಿದಳು.

"ಇಕಿದ ಅಂಟಿಕೊಂಡೈತಿ ನೋಡ್ರಿ ನನಗ. ಇಕಿಗೂ ಅಲ್ಲೇ ರೋಗ ಐತಲ್ಲ. ಒಂದ ಬಚ್ಚಲಾ, ಒಂದ ಸಾಬಾನು. ನಾ ಐವತ್ತಾರು ವರ್ಷ ಒಂದು ಗುಳ್ಳಿ ಕಂಡಾಕಿ ಅಲ್ಲ. ಇಕಿ ಕಾಲ್ಗುಣ!"

ಗಂಗೋತ್ರಿ ಬಾಯಿ ತೆರೆಯುವ ಮೊದಲೇ ಶಶಿರೇಖಾ ಕಟುವಾಗಿ ಹೇಳಿದರು: "ಅಂಟೋದಿಲ್ಲ ಅಮ್ಮಾ. ಆಕಿದು ಅಂಡಾಶಯದ ತೊಂದರೆ, ಹೊಟ್ಟಿಯೊಳಗ. ಅದು ಒಬ್ಬರಿಂದ ಒಬ್ಬರಿಗೆ ಬರೋ ರೋಗ ಅಲ್ಲ. ಇವತ್ತು ಆಕಿ ಕರ್ಕೊಂಡು ಬರದಿದ್ರ ನಂಜು ಮೈಗೆಲ್ಲ ಏರ್ತಿತ್ತು."

ದಾಕ್ಷಾಯಣಮ್ಮನದು ನಂಬಿದವಳ ಮುಖವಾಗಿರಲಿಲ್ಲ.

ಅಂದೇ ಸಂಜೆ ಆಪರೇಷನ್ ಆಯಿತು. ಮರುದಿನ ಮನೆಗೆ ಬಂದ ಮೇಲೆ ಅಗಲವಾದ ಟಬ್ಬಿನಲ್ಲಿ ಬೆಚ್ಚಗಿನ ನೀರು ಹಾಕಿ ಹೊತ್ತುಹೊತ್ತಿಗೆ ಅದರಲ್ಲಿ ಕೂರಿಸಬೇಕಿತ್ತು. ಅದನ್ನು ಮಾಡಲು ಗಂಗೋತ್ರಿಯ ಹೊರತು ಮತ್ತಾರಿದ್ದರು? ಅವಳು ನೀರು ಕಾಯಿಸಿದಳು, ತೋಳು ಹಿಡಿದು ಕೂರಿಸಿದಳು, ಬಟ್ಟೆ ಬದಲಿಸಿದಳು. "ಸುಡ್ತೈತಿ. ಬೇಯಿಸಿ ಕೊಲ್ಲಬೇಕಂತ ಮಾಡೀಯೇನು?" ಎಂದು ದಾಕ್ಷಾಯಣಮ್ಮ ಪ್ರತಿಸಲವೂ ಗದರಿದಳು. ತಣ್ಣೀರು ಬೆರೆಸಿದರೆ, "ಇದೇನು ಎಮ್ಮಿ ಮೈ ತೊಳ್ಯಾಕ ಇಟ್ಟ ನೀರೇನು?" ಎಂದಳು. ಗಂಗೋತ್ರಿ ಇನ್ನೊಂದು ತಂಬಿಗೆ ಬಿಸಿನೀರು ಬೆರೆಸಿದಳು. ಅವಳಿಗೆ ಅತ್ತೆಯ ಮೇಲೆ ಕರುಣೆ ಹುಟ್ಟಿರಲಿಲ್ಲ, ಹುಟ್ಟಬೇಕೆಂದು ಅವಳು ಪ್ರಯತ್ನಿಸಲೂ ಇಲ್ಲ. ಬಿಟ್ಟರೆ ಸಾಯುತ್ತಾಳೆ, ಸತ್ತರೆ ಆ ಕೆಟ್ಟ ಹೆಸರೂ ತನ್ನ ತಲೆಗೇ ಬರುತ್ತದೆ ಎಂಬ ಲೆಕ್ಕ ಮಾತ್ರ ಇತ್ತು.

ನೋವು ಇಳಿಯುತ್ತಿದ್ದಂತೆ ದಾಕ್ಷಾಯಣಮ್ಮನ ದನಿ ಏರಿತು. ಬಯಾಪ್ಸಿ ಇನ್ನೂ ಬಂದಿರಲಿಲ್ಲ. ಅದರ ಭಯವನ್ನೆಲ್ಲ ಆಕೆ ಸೊಸೆಯ ಮೇಲೆ ಹಾಕಿ ಹಗುರಾಗುತ್ತಿದ್ದಂತೆ ಕಂಡಿತು.

ಆ ವಾರ ಓಣಿಯ ಹೆಂಗಸರು ಹಪ್ಪಳ ಮಾಡಲು ಅವರ ಅಂಗಳಕ್ಕೇ ಸೇರಿದರು. ಪ್ರತಿ ಬೇಸಿಗೆಯಲ್ಲೂ ಅದು ದಾಕ್ಷಾಯಣಮ್ಮನ ಅಂಗಳದಲ್ಲೇ ನಡೆಯುವ ಕೆಲಸ. ಹಿಟ್ಟು ನಾದುವವರು, ಉಂಡೆ ಕಟ್ಟುವವರು, ಲಟ್ಟಿಸುವವರು, ಎಲ್ಲರ ನಡುವೆ ಆಕೆ ದಿಂಬಿನ ಮೇಲೆ ಒಂದು ಮಗ್ಗುಲಿಗೆ ಕೂತು ಯಜಮಾನಿಕೆ ನಡೆಸುತ್ತಿದ್ದಳು. ದಿಂಬು ಯಾಕೆ ಎಂದು ಎದುರುಮನೆಯ ಪಕ್ಕೀರಮ್ಮ ಕೇಳಿದಾಗ, "ತೊಡಿಗೆ ಕುರು ಆಗಿತ್ತವ್ವ" ಎಂದಳು. ಗಂಗೋತ್ರಿ ಲಟ್ಟಿಸಿದ ಹಪ್ಪಳಗಳನ್ನು ಸೀರೆಯ ಮೇಲೆ ಹರಡುತ್ತ ಸುಮ್ಮನಿದ್ದಳು.

ಮಾತು ಅಲ್ಲಿ ಇಲ್ಲಿ ಸುತ್ತಿ, ಯಾರದೋ ಸೊಸೆ ಬಸುರಿ ಎನ್ನುವಲ್ಲಿಗೆ ಬಂತು.

"ನಮ್ಮ ಹಣೆಬರಹಕ್ಕ ಅದೆಲ್ಲಿಂದ ಬರಬೇಕು" ಎಂದು ದಾಕ್ಷಾಯಣಮ್ಮ ಉಂಡೆಯೊಂದನ್ನು ಅಂಗೈಯಲ್ಲಿ ಚಪ್ಪಟೆ ಮಾಡಿದಳು. "ನಮ್ಮ ಮನಿಗೆ ಬಂದಿದ್ದು ಹುಳ ಹತ್ತಿದ ಬೀಜ. ಸಿರುಗುಪ್ಪದಾಗ ನೋಡಿ ನೋಡಿ ರೋಗದ ಗಂಟು ಕಟ್ಟಿ ಕಳಿಸ್ಯಾರ. ನಮ್ಮ ಶಶಿಕಾಂತಗ ಇನ್ನೊಂದು ಸಂಬಂಧ ನೋಡಬೇಕಂತ ಹಲಕುಂದಿ ಕಡಿಯವರು ಕೇಳ್ಯಾರ. ನಾನೂ ಯೋಚನಿ ಮಾಡಾಕತ್ತೀನಿ."

ಲಟ್ಟಣಿಗೆಗಳ ಸದ್ದು ನಿಂತಿತು. ಎಲ್ಲರ ಕಣ್ಣು ಗಂಗೋತ್ರಿಯ ಕಡೆ ಹೊರಳಿತು. ಎಂದಿನಂತೆ ಅವಳು ಎದ್ದು ಒಳಗೆ ಹೋಗುತ್ತಾಳೆ ಎಂದು ಎಲ್ಲರೂ ಕಾಯುತ್ತಿದ್ದರು. ಅವಳು ಕೈಗೆ ಅಂಟಿದ ಹಿಟ್ಟು ಉಜ್ಜಿಕೊಂಡು ನಡುವೆ ಬಂದು ಕೂತಳು.

"ಅತ್ತಿ, ನಿಮಗ ಕುರು ಆಗಿದ್ದು ತೊಡಿಗೆ ಅಲ್ಲ."

"ಲೇ!"

"ತೊಡಿಗೆ ಅಲ್ಲ, ಒಳಗ. ಹೆಂಗಸಿನ ಜಾಗದಾಗ. ಅಲ್ಲಿ ಎರಡು ಗ್ರಂಥಿ ಇರ್ತಾವಂತ, ಒಂದರ ಬಾಯಿ ಕಟ್ಟಿ ಕೀವು ತುಂಬಿತ್ತು. ನಿಂಬಿಹಣ್ಣಿನಷ್ಟು. ಕೊಯ್ದು, ಹೊಲಿಗಿ ಹಾಕಿ, ಕ್ಯಾನ್ಸರ್ ಐತೇನೋ ನೋಡಾಕ ಚೂರು ತೆಗೆದು ಕಳಿಸ್ಯಾರ. ದಿನಾ ನೀರಾಗ ಕೂಡಿಸಿ ತೊಳ್ಯಾಕತ್ತಾಕಿ ನಾನು. ನನ್ನದೂ ಗ್ರಂಥಿ ರೋಗ, ನಿಮ್ಮದೂ ಗ್ರಂಥಿ ರೋಗ. ನನ್ನ ರೋಗ ನೀವು ಸಿರುಗುಪ್ಪದಾಗ ನಮ್ಮವ್ವನ ಮುಂದ ಹೇಳಿದ್ರಿ. ನಿಮ್ಮದು ನಾನು ಇಲ್ಲಿ ಹೇಳೀನಿ. ಈಗ ಹೇಳ್ರಿ, ನಿಮ್ಮನ್ನ ಯಾರ ಮನಿಗೆ ವಾಪಸ್ ಕಳಸೋಣು?"

ಯಾರೋ ಒಬ್ಬಳು ಕಿಸಕ್ಕನೆ ನಕ್ಕು ಸೆರಗು ಬಾಯಿಗಿಟ್ಟಳು. ಅದು ಕುಹಕದ ನಗೆಯೋ ಗಾಬರಿಯ ನಗೆಯೋ ಗೊತ್ತಾಗಲಿಲ್ಲ. ದಾಕ್ಷಾಯಣಮ್ಮ ಎದ್ದು ನಿಲ್ಲಲು ಹೋದಳು, ಹೊಲಿಗೆ ಜಗ್ಗಿ ಮತ್ತೆ ದಿಂಬಿನ ಮೇಲೆ ಕುಸಿದಳು. ಯಾರನ್ನೂ ನೋಡಲಾಗದೆ ಹಿಟ್ಟಿನ ತಟ್ಟೆಯನ್ನೇ ನೋಡುತ್ತಿದ್ದಳು. ಗಂಗೋತ್ರಿ ಈ ಗಳಿಗೆಯನ್ನು ಎಷ್ಟೋ ಸಲ ಮನಸ್ಸಿನಲ್ಲಿ ಆಡಿಸಿ ಸವಿದಿದ್ದಳು. ಈಗ ಅದು ಎದುರಿಗೇ ಇದ್ದರೂ ಬಾಯಲ್ಲಿ ಸುಣ್ಣ ಜಾಸ್ತಿಯಾದ ಎಲೆಯಂತೆ ಉರಿಯಿತು. ಆದರೂ ಆಡಿದ ಮಾತನ್ನು ಹಿಂದಕ್ಕೆ ತಗೊಳ್ಳಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.

ಹೆಂಗಸರು ಒಬ್ಬೊಬ್ಬರೇ ಎದ್ದರು. ಅರ್ಧ ಹಿಟ್ಟು ಹಾಗೇ ಉಳಿಯಿತು.

ಸಂಜೆಯ ಹೊತ್ತಿಗೆ ಸುದ್ದಿ ಗೊಬ್ಬರದ ಅಂಗಡಿ ಮುಟ್ಟಿತ್ತು. ಮರಿಬಸಪ್ಪ ಮನೆಗೆ ಬಂದವನೇ ಒಳಕೋಣೆಗೆ ಹೋಗಿ ಮಲಗಿದ. ಶಶಿಕಾಂತ್ ಅಡಿಗೆಮನೆಯ ಬಾಗಿಲಲ್ಲಿ ನಿಂತ.

"ಏನಾಗೇತಿ ನಿನಗ? ಮನಿ ಮರ್ಯಾದಿ ಅನ್ನೋದು ಒಂದು ಐತೋ ಇಲ್ಲೋ? ಅವ್ವ ಓಣ್ಯಾಗ ಹೆಂಗ ತಲಿ ಎತ್ತಿ ತಿರುಗಬೇಕು?"

"ಕುಬಸದ ದಿನ ನಮ್ಮವ್ವ ಹೆಂಗ ತಿರುಗಿದ್ಲಂತ ಕೇಳಿದ್ರೇನು? ನೀವು ಪೆಂಡಾಲದಾಗ ಕುಂತು ಎಲಿ ಅಡಿಕಿ ಹಾಕ್ಕೊಳ್ಳಾಕತ್ತಿದ್ರಿ."

"ಅದೂ ಇದೂ ಒಂದೇ ಏನು? ಅವ್ವಗ ಕ್ಯಾನ್ಸರ್ ಐತೋ ಏನೋ ಅನ್ನೋ ಹೊತ್ತಿನಾಗ..."

"ಹಲಕುಂದಿ ಸಂಬಂಧದ ಮಾತು ಖರೇ ಏನು?" ಗಂಗೋತ್ರಿ ಒಲೆ ಆರಿಸಿ ಅವನನ್ನೇ ನೋಡಿದಳು. "ಅದನ್ನ ಮೊದಲ ಹೇಳ್ರಿ."

ಶಶಿಕಾಂತ್ ಕಣ್ಣು ತಪ್ಪಿಸಿದ. "ಅವ್ವ ಅಂದಿದ್ಲು. ನಾ ಹೂಂ ಅಂದಿಲ್ಲ."

"ಊಹೂಂ ಅಂದ್ರೇನು?"

ಗಂಗೋತ್ರಿ ಅವನ ಮುಂದೆ ತಾಟು ಇಟ್ಟು ಹೊರಗೆ ಹೋದಳು. ಅಂದು ಅವಳು ಅತ್ತೆಗೆ ನೀರು ಕಾಯಿಸಿಟ್ಟಳು, ಆದರೆ ಬರ್ರಿ ಎಂದು ಕರೆಯಲಿಲ್ಲ, ತೋಳು ಹಿಡಿದು ಕೂರಿಸಲಿಲ್ಲ. ದಾಕ್ಷಾಯಣಮ್ಮ ತಾನೇ ಗೋಡೆ ಹಿಡಿದು ಬಂದು ಕೂತಳು. ನೀರು ಬಿಸಿ ಎಂದಾಗಲಿ ತಣ್ಣಗಿದೆ ಎಂದಾಗಲಿ ಬಾಯಿ ಬಿಡಲಿಲ್ಲ.

ಬಯಾಪ್ಸಿಯ ಫಲಿತಾಂಶಕ್ಕೆ ಶಶಿಕಾಂತ್ ಕಾರಿನಲ್ಲಿ ಕರೆದೊಯ್ದ. ಮುಚ್ಚಿಡುವುದಕ್ಕೆ ಇನ್ನೇನು ಉಳಿದಿತ್ತು? ಡಾಕ್ಟರ್ ಶಶಿರೇಖಾ ಕಾಗದ ಓದಿ, "ಏನೂ ಇಲ್ಲ ಅಮ್ಮಾ, ಬರೀ ಬಾವು. ಗಾಯ ಚೊಲೋ ಮಾಯ್ದೈತಿ" ಎಂದರು. ದಾಕ್ಷಾಯಣಮ್ಮ ಮೇಜಿನ ಮೇಲೆ ಎರಡೂ ಅಂಗೈ ಊರಿ ಕಣ್ಣು ಮುಚ್ಚಿದಳು. ಕಣ್ಣಿಂದ ನೀರಿಳಿಯಿತು. ಅದನ್ನು ಒರೆಸಿಕೊಳ್ಳುವ ಮೊದಲೇ, "ಇಕಿ ಓಣಿಗೆಲ್ಲ ಡಂಗುರ ಹೊಡದಾಳ್ರಿ" ಎಂದು ಡಾಕ್ಟರರ ಎದುರು ದೂರು ಇಟ್ಟಳು.

ಶಶಿರೇಖಾ ಇಬ್ಬರನ್ನೂ ನೋಡಿದರು. "ಅದು ತಪ್ಪು. ಪೇಷಂಟ್ ಮಾತು ಪೇಷಂಟ್ದು" ಎಂದು ಗಂಗೋತ್ರಿಗೆ ಹೇಳಿದರು. ಗಂಗೋತ್ರಿ ಹೌದೆಂದು ತಲೆಯಾಡಿಸಿದಳು. ತಪ್ಪು ಎಂದು ಅವಳಿಗೂ ಗೊತ್ತಿತ್ತು.

ಶಶಿಕಾಂತ್ ಕಾರು ತರಲು ಹೋದಾಗ ಅತ್ತೆ-ಸೊಸೆ ನರ್ಸಿಂಗ್ ಹೋಮಿನ ಮೆಟ್ಟಿಲ ಮೇಲೆ ನಿಂತಿದ್ದರು. "ನಾ ಸಾಯ್ಲಿ ಅಂತ ಕಾದಿದ್ದಿ ನೀ" ಎಂದಳು ದಾಕ್ಷಾಯಣಮ್ಮ, ರಸ್ತೆಯನ್ನೇ ನೋಡುತ್ತ.

"ಇಲ್ರಿ. ಬಾಯಿ ಮುಚ್ಚಲಿ ಅಂತ ಕಾದಿದ್ದೆ."

"ನಿನ್ನ ನಾ ಮರೆಯಂಗಿಲ್ಲ."

"ನಾನೂ ಮರೆಯಂಗಿಲ್ಲ."

ಅದಾದ ಮೇಲೆ ಹಲಕುಂದಿಯ ಸಂಬಂಧದ ಮಾತು ಮನೆಯಲ್ಲಿ ಯಾರೂ ಎತ್ತಲಿಲ್ಲ. ಕೇಳಲು ಬಂದವರಿಗೆ ಶಶಿಕಾಂತನೇ ಅಂಗಡಿಯಲ್ಲಿ ಬೇಡ ಎಂದು ಹೇಳಿ ಕಳಿಸಿದನೆಂದು ಗಂಗೋತ್ರಿಗೆ ಮೂರನೆಯವರಿಂದ ತಿಳಿಯಿತು. ಅವನು ಅದನ್ನು ಅವಳಿಗೆ ಹೇಳಲಿಲ್ಲ, ಅವಳೂ ಅದನ್ನು ಉಪಕಾರವೆಂದು ಎಣಿಸಲಿಲ್ಲ. ದಾಕ್ಷಾಯಣಮ್ಮ ಸೊಸೆಯ ಹೊಟ್ಟೆಯ ಬಗ್ಗೆ ಮತ್ತೆ ಎಲ್ಲೂ ಸೊಲ್ಲೆತ್ತಲಿಲ್ಲ. ಓಣಿಯ ಹೆಂಗಸರ ನಡುವೆ ಕೂರುವುದನ್ನೂ ಬಿಟ್ಟಳು.

ಸಾಲೆ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಎದುರುಮನೆಯ ಪಕ್ಕೀರಮ್ಮ ಬಾಗಿಲಿಗೆ ಬಂದಳು. ಬಾಗಿಲು ತೆಗೆದವಳು ದಾಕ್ಷಾಯಣಮ್ಮ. ಪಕ್ಕೀರಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಗಂಗೋತ್ರಿ ಟೀಚರ್ ಅದಾರೇನು, ಒಂದು ಮಾತು ಕೇಳೋದಿತ್ತು, ನನಗೂ ಆ ಕಡಿ ಒಂದು ಗಂಟು ಐತಿ, ಹೋದ ದೀಪಾವಳಿಯಿಂದ ಐತಿ, ಯಾರಿಗೂ ಹೇಳಿಲ್ಲ ಎಂದು ಅರ್ಧ ಮಾತು, ಅರ್ಧ ಸನ್ನೆಯಲ್ಲಿ ಹೇಳಿದಳು. ಅಡಿಗೆಮನೆಯಲ್ಲಿದ್ದ ಗಂಗೋತ್ರಿಗೆ ಎಲ್ಲವೂ ಕೇಳಿಸಿತು. ಅತ್ತೆ ಬಾಗಿಲು ಮುಖಕ್ಕೆ ಹಾಕುತ್ತಾಳೆ ಎಂದೇ ಅವಳು ಎಣಿಸಿದಳು.

"ಒಳಗ ಅದಾಳ" ಎಂದಳು ದಾಕ್ಷಾಯಣಮ್ಮ, ಕಹಿ ಕಾರಿಕೊಂಡಂತೆ. "ಹೋಗಿ ಆಕಿಗೆ ಹೇಳು. ಆದರ ತಿಳಕೋ, ಆಕಿ ಬಾಯಾಗ ಏನೂ ನಿಲ್ಲಂಗಿಲ್ಲ."

ಪಕ್ಕೀರಮ್ಮ ಹೊಸ್ತಿಲಲ್ಲೇ ಅಳುಕಿದಳು. ದಾಕ್ಷಾಯಣಮ್ಮ ಮುಖ ಗಂಟಿಕ್ಕಿಕೊಂಡೇ, "ನೋವಾಗಂಗಿಲ್ಲ. ಅರಿವು ತಪ್ಪಿಸಿ ಕೊಯ್ತಾರ. ಹೋಗು" ಎಂದು ದಾರಿ ಬಿಟ್ಟಳು.

ಗಂಗೋತ್ರಿ ಕೈ ತೊಳೆದುಕೊಂಡು ಹೊರಗೆ ಬಂದಳು. ಅತ್ತೆ ಅವಳನ್ನು ದಾಟಿ ಹಿತ್ತಲಿಗೆ ಹೋದಳು, ಭುಜ ತಾಗದಂತೆ ಪಕ್ಕಕ್ಕೆ ಸರಿದು.

"ಯಾರಿಗೂ ಹೇಳಂಗಿಲ್ಲ, ಪಕ್ಕೀರಮ್ಮ" ಎಂದಳು ಗಂಗೋತ್ರಿ. "ನಿಮ್ಮ ಮಾತು ನಿಮ್ಮದು. ಚಪ್ಪಲಿ ಹಾಕ್ಕೋರಿ, ಈಗ ಹೋದ್ರ ಡಾಕ್ಟರ್ ಸಿಗ್ತಾರ."